ಯಾವ ಘಾಟಿ ಹತ್ತೋಣ? ರೋಡ್ ಸೈಕಲ್ ಸವಾರರಿಗೆ ಘಟ್ಟದ ದಾರಿಗಳ ತೂಕ

ಮಳೆ ಹಿಂದೆ ಸರಿದು ನವರಾತ್ರಿ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಪ್ರಶ್ನೆಯವು: "ಆಗುಂಬೆ ಹತ್ತೋದಾ, ಚಾರ್ಮಾಡಿ ಹತ್ತೋದಾ?" ಈ ಸಲ ಕೇಳಿದವರಲ್ಲಿ ಮೂವರು ನೆನಪಿನಲ್ಲಿದ್ದಾರೆ. ಒಬ್ಬರು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದವರು. ಪ್ರತಿ ಭಾನುವಾರ ನಂದಿಬೆಟ್ಟ ಹತ್ತಿ ಇಳಿದು ಅವರಿಗೆ ಸಾಕಾಗಿದೆ. ಇನ್ನೊಬ್ಬರು ದಾವಣಗೆರೆಯ ನಿವೃತ್ತ ಮೇಷ್ಟ್ರು, ಅರವತ್ತೆರಡನೇ ವಯಸ್ಸಿನಲ್ಲಿ ಗೇರ್ ಸೈಕಲ್ ಕೊಂಡವರು. ಮೂರನೆಯವನು ಪುತ್ತೂರಿನ ಕಾಲೇಜು ಹುಡುಗ. ಇಪ್ಪತ್ತೊಂದು ಗೇರಿನ ಹಳೇ ಸೈಕಲ್, ಜೇಬಿನಲ್ಲಿ ಸಾವಿರದೈನೂರು ರೂಪಾಯಿ, ಕಾಲಿನಲ್ಲಿ ಬೇಕಾದಷ್ಟು ಕಸುವು. ಮೂವರಿಗೂ ಒಂದೇ ಘಾಟಿ ಹೇಳಿದ್ದರೆ ಇಬ್ಬರಾದರೂ ನನ್ನನ್ನು ಬೈದುಕೊಂಡು ವಾಪಸ್ ಬರುತ್ತಿದ್ದರು.

ಮೊದಲೇ ಒಂದು ಮಾತು. ನಾನು ಸಾಗರದ ಕಡೆಯವನು, ಘಟ್ಟದ ಮೇಲಿನವನು. ಗೇರುಸೊಪ್ಪೆಯ ದಾರಿ ನನಗೆ ಮನೆಯ ಅಂಗಳದಂತೆ. ಅದರ ಬಗ್ಗೆ ನಾನು ಆಡುವ ಮಾತಿನಲ್ಲಿ ನಾಲ್ಕಾಣೆ ಅಭಿಮಾನವೆಂದು ಕಳೆದು ಓದಿಕೊಳ್ಳಿ.

ಯಾವುದನ್ನು ಅಳೆಯಬೇಕು

ಘಾಟಿಯ ಮಾತು ಬಂದರೆ ಎಲ್ಲರೂ ಎಣಿಸುವುದು ತಿರುವುಗಳನ್ನು. ಆಗುಂಬೆಯಲ್ಲಿ 14, ಊಟಿ ದಾರಿಯ ಕಲ್ಲಟ್ಟಿಯಲ್ಲಿ 36 ಎಂದು ಬಾಯಿಪಾಠ. ತಿರುವಿನ ಲೆಕ್ಕ ಫೋಟೊಕ್ಕೆ ಚೆನ್ನ, ಕಾಲಿಗೆ ಅದರಿಂದ ತಿಳಿಯುವುದು ಕಡಿಮೆ. ನಾನು ಮೊದಲು ನೋಡುವುದು ಆ ರಸ್ತೆಯಲ್ಲಿ ಯಾವ ವಾಹನ ಓಡುತ್ತದೆ ಎಂಬುದನ್ನು. ಏರು ಎಷ್ಟೇ ಕಡಿದಾಗಿದ್ದರೂ ಅದು ನಿಮ್ಮ ಕೈಯಲ್ಲಿದೆ: ನಿಲ್ಲಬಹುದು, ಇಳಿದು ತಳ್ಳಬಹುದು, ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿನ್ನಬಹುದು. ಹಿಂದಿನಿಂದ ಬರುವ ಹದಿನಾರು ಚಕ್ರದ ಲಾರಿ ನಿಮ್ಮ ಕೈಯಲ್ಲಿಲ್ಲ. ಏರಿನಲ್ಲಿ ಸೈಕಲ್ ಗಂಟೆಗೆ ಏಳೆಂಟು ಕಿಲೋಮೀಟರಿನಲ್ಲಿ ತೆವಳುವಾಗ ಹ್ಯಾಂಡಲ್ ಸ್ವಲ್ಪ ಓಲಾಡುವುದು ಸಹಜ. ಆ ಓಲಾಟಕ್ಕೆ ಅರ್ಧ ಮೀಟರ್ ಜಾಗ ಬಿಟ್ಟುಕೊಡುವ ರಸ್ತೆ ಒಳ್ಳೆಯ ರಸ್ತೆ.

ಎರಡನೆಯದು ಏರಿನ ಒಟ್ಟು ಎತ್ತರ, ಮತ್ತು ಅದು ಹೇಗೆ ಹಂಚಿಕೆಯಾಗಿದೆ ಎಂಬುದು. ಬೆಂಗಳೂರಿನವರಿಗೆ ಅರ್ಥವಾಗಲೆಂದು ನಾನು ಇದನ್ನು 'ನಂದಿ'ಯಲ್ಲಿ ಅಳೆಯುತ್ತೇನೆ. ಬುಡದಿಂದ ನಂದಿಬೆಟ್ಟದ ತುದಿಗೆ (1,478 ಮೀ.) ಸುಮಾರು ಎಂಟು ಕಿಲೋಮೀಟರ್, ಏರು ನಾನೂರೈವತ್ತು ಐನೂರು ಮೀಟರ್. ಇದು ಒಂದು ನಂದಿ. ಆದರೆ ನಂದಿಯಲ್ಲಿ ಬೆಳಗಿನ ಗಾಳಿ ತಣ್ಣಗಿರುತ್ತದೆ. ಘಟ್ಟದ ಬುಡದಲ್ಲಿ ಕರಾವಳಿಯ ಸೆಕೆ. ಬೆವರು ಆರುವುದೇ ಇಲ್ಲ, ಮೈಯಿಂದ ಸುಮ್ಮನೆ ಸುರಿಯುತ್ತದೆ. ಹಾಗಾಗಿ ಘಟ್ಟದ ಒಂದು ನಂದಿಗೆ ನೀರಿನ ಲೆಕ್ಕದಲ್ಲಿ ಒಂದೂವರೆ ನಂದಿಯ ತಯಾರಿ ಬೇಕು.

ಇನ್ನುಳಿದವು ಚಿಕ್ಕ ಸಂಗತಿಗಳಂತೆ ಕಂಡರೂ ದಿನ ಕೆಡಿಸುವುದು ಅವೇ. ಕಾಡಿನ ಗೇಟು ಇದೆಯೇ, ಎಷ್ಟು ಹೊತ್ತಿಗೆ ಮುಚ್ಚುತ್ತದೆ? ನಡುವೆ ಚಾ ಅಂಗಡಿ, ಫೋನ್ ಸಿಗ್ನಲ್ ಉಂಟೇ? ಹೋಗುವುದು ಹೇಗೆ, ಬರುವುದು ಹೇಗೆ? ಊಟ, ವಸತಿಗೆ ಎಷ್ಟು ಬೀಳುತ್ತದೆ?

ದಿಕ್ಕಿನ ಪ್ರಶ್ನೆಯನ್ನೂ ಇಲ್ಲೇ ಮುಗಿಸಿಬಿಡೋಣ. ಬಯಲುಸೀಮೆಯಿಂದ ಕಾರಿನಲ್ಲಿ ಸೈಕಲ್ ಏರಿಸಿಕೊಂಡು ಬರುವವರು ಘಟ್ಟದ ತಲೆಯಲ್ಲಿ ರೂಮು ಮಾಡಿ, ಬೆಳಿಗ್ಗೆ ಖುಷಿಯಿಂದ ಇಳಿದು, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ವಾಪಸ್ ಹತ್ತಲು ನಿಲ್ಲುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಬೆಳಗಿನ ಮಂಜಿನಲ್ಲಿ ಬೆರಳು ಮರಗಟ್ಟಿರುವಾಗ ಬ್ರೇಕ್ ಹಿಡಿಯಬೇಕು, ಮೈ ಬಿಸಿಯಾದ ಮೇಲೆ ಕುದಿಯುವ ಸೆಕೆಯಲ್ಲಿ ತುಳಿಯಬೇಕು. ಘಟ್ಟದ ಕೆಳಗೆ ಮಲಗಿ, ಬೆಳಕು ಹರಿಯುವಾಗ ಹತ್ತಿ. ಉಡುಪಿ, ಧರ್ಮಸ್ಥಳ, ಕುಕ್ಕೆ, ಹೊನ್ನಾವರ ಎಲ್ಲಕ್ಕೂ ಬೆಂಗಳೂರಿನಿಂದ ರಾತ್ರಿ ಬಸ್ಸುಗಳಿವೆ. ಅವು ನಿಮ್ಮನ್ನು ಬೆಳಿಗ್ಗೆ ಸರಿಯಾಗಿ ಘಟ್ಟದ ಬುಡದ ಸೀಮೆಗೇ ತಂದು ಇಳಿಸುತ್ತವೆ.

ಆಗುಂಬೆ: ಚಿಕ್ಕದು, ಕಡಿದು, ಹೆಸರುವಾಸಿ

ಮೊದಲ ಘಾಟಿ ಯಾವುದಿರಲಿ ಎಂದು ಕೇಳುವ ಹತ್ತರಲ್ಲಿ ಆರು ಮಂದಿಗೆ ನನ್ನ ಉತ್ತರ ಇದೇ. ಕಾರಣ ಅದರ ಚೆಲುವಲ್ಲ. ಈ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿಷೇಧವಿದೆ. ತಿರುವುಗಳು ಎಷ್ಟು ಇಕ್ಕಟ್ಟು ಎಂದರೆ ಮಿನಿ ಬಸ್ಸುಗಳೇ ಇಲ್ಲಿಯ ದೊಡ್ಡ ವಾಹನ. ಉಡುಪಿಯಿಂದ ಹೆಬ್ರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೆಚ್ಚುಕಡಿಮೆ ಸಮತಟ್ಟು, ಅಲ್ಲಿಂದ ಸೋಮೇಶ್ವರ, ಆಮೇಲೆ ಗೋಡೆ. ಸೋಮೇಶ್ವರದಿಂದ ಸುಮಾರು 640 ಮೀಟರ್ ಎತ್ತರದ ಆಗುಂಬೆಗೆ ಹತ್ತು ಕಿಲೋಮೀಟರಿನ ಆಸುಪಾಸು. ಒಂದು ನಂದಿಗಿಂತ ಒಂದು ಹಿಡಿ ಹೆಚ್ಚು. ಆ ಏರಿನ ಬಹುಪಾಲು ನಂಬರು ಬರೆದ ಹದಿನಾಲ್ಕು ತಿರುವುಗಳಲ್ಲೇ ಸುತ್ತಿಕೊಂಡಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಾವು ಎಡಗಡೆ ಓಡಿಸುವವರು. ಹತ್ತುವಾಗ ಎಡಕ್ಕೆ ಮಡಚುವ ತಿರುವಿನಲ್ಲಿ ನಮಗೆ ಸಿಗುವುದು ಒಳಮೈ. ಅದು ಗಿಡ್ಡ, ಆದ್ದರಿಂದ ವಿಪರೀತ ಕಡಿದು. ಬಲಕ್ಕೆ ಮಡಚುವ ತಿರುವಿನಲ್ಲಿ ಹೊರಮೈ ಸಿಗುತ್ತದೆ, ಅಲ್ಲಿ ಉಸಿರು ತೆಗೆದುಕೊಳ್ಳಬಹುದು. ಹಾಗಾಗಿ ಎಡತಿರುವು ಕಾಣುವ ಮೊದಲೇ ಗೇರ್ ಇಳಿಸಿ. ತಿರುವಿನೊಳಗೆ ಹೋಗಿ ಗೇರ್ ಬದಲಿಸಿದರೆ ಚೈನು ಕಟಕಟ ಎಂದು ಅಲ್ಲೇ ಕಾಲೂರಬೇಕಾಗುತ್ತದೆ. ಒಳಮೈ ತಪ್ಪಿಸಲು ರಸ್ತೆಯ ಬಲಕ್ಕೆ ಹಾಯುವ ಚಾಳಿ ಮಾತ್ರ ಬೇಡವೇ ಬೇಡ. ಮೇಲಿನಿಂದ ಬರುವವರಿಗೆ ನೀವು ಕಾಣುವುದಿಲ್ಲ.

ಆಗುಂಬೆಯ ತೊಂದರೆ ನೀರು. 1946ರ ಆಗಸ್ಟ್ ಒಂದೇ ತಿಂಗಳಿನಲ್ಲಿ 4,508 ಮಿಲಿಮೀಟರ್ ಮಳೆ ದಾಖಲಾದ ಊರಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟುತ್ತದೆ, 25–28 ಮಿಲಿಮೀಟರಿನ ನುಣುಪು ಟೈರಿಗೆ ಅದು ಸಾಬೂನು ಹಚ್ಚಿದ ಹಾಗೆ. ಅಕ್ಟೋಬರ್ ಎರಡನೇ ವಾರದವರೆಗಾದರೂ ಕಾಯಿರಿ. ಇನ್ನೊಂದು ತೊಂದರೆ ಸೂರ್ಯಾಸ್ತ. ಘಾಟಿಯ ತಲೆಯಲ್ಲೇ ಸೂರ್ಯಾಸ್ತ ನೋಡುವ ಕಟ್ಟೆ ಇರುವುದರಿಂದ ಸಂಜೆ ನಾಲ್ಕರ ಮೇಲೆ ಕಾರುಗಳ ಸಂತೆ. ರಜೆಯ ದಿನ ಸಂಜೆ ಅಲ್ಲಿಂದ ಸೈಕಲ್ ಇಳಿಸುವುದು ಜಾತ್ರೆಯಲ್ಲಿ ರಥದ ಮುಂದೆ ಓಡಿದ ಹಾಗೆ.

ನನ್ನ ಮರ್ಯಾದೆ ಹೋದದ್ದೂ ಇದೇ ಇಳಿಜಾರಿನಲ್ಲಿ. ಆಗ ನನ್ನ ಸೈಕಲ್ಲಿಗೆ ರಿಮ್ ಬ್ರೇಕ್, ಅಂದರೆ ಚಕ್ರದ ಲೋಹದ ಬಳೆಯನ್ನೇ ರಬ್ಬರು ಒತ್ತಿ ಹಿಡಿಯುವ ಬ್ರೇಕ್. ಹೆದರಿಕೆಯಿಂದ ಮೇಲಿನಿಂದ ಕೆಳಗಿನವರೆಗೂ ಬ್ರೇಕ್ ಬಿಡದೆ ಒತ್ತಿ ಹಿಡಿದೇ ಬಂದೆ. ಕೊನೆಯ ಎರಡು ಮೂರು ತಿರುವು ಬಾಕಿ ಇರುವಾಗ ಮುಂದಿನ ಟ್ಯೂಬು ಲಕ್ಷ್ಮೀ ಪಟಾಕಿಯಂತೆ ಸಿಡಿಯಿತು. ಬಿದ್ದೆ, ಪುಣ್ಯಕ್ಕೆ ಮೊಣಕೈ ಮಾತ್ರ ತರಚಿತು. ರಿಮ್ ಮುಟ್ಟಿದರೆ ದೋಸೆ ಕಾವಲಿ. ಹಳೇ ಪಂಕ್ಚರಿನ ಪ್ಯಾಚು ಆ ಬಿಸಿಗೆ ಬಿಟ್ಟುಕೊಂಡಿತ್ತು. ಬ್ರೇಕನ್ನು ಸದಾ ಸವರುತ್ತ ಇಳಿಯಬಾರದು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಪೂರ್ತಿ ಬಿಡಬೇಕು, ನಡುವೆ ಎರಡು ಕಡೆಯಾದರೂ ನಿಂತು ರಿಮ್ ಆರಿಸಬೇಕು. ಅಂದಿನಿಂದ ನಾನು ಘಾಟಿಗೆ ಪ್ಯಾಚ್ ಹಾಕಿದ ಟ್ಯೂಬ್ ಒಯ್ಯುವುದಿಲ್ಲ.

ಚಾರ್ಮಾಡಿ: ಉದ್ದ, ಚೆಲುವು, ಚಂಚಲ

ಉಜಿರೆಯಿಂದ ಚಾರ್ಮಾಡಿ ಊರು ದಾಟಿ ಕೊಟ್ಟಿಗೆಹಾರದವರೆಗೆ ಘಾಟಿಯೇ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಬುಡ ಕರಾವಳಿಯ ಮಟ್ಟಕ್ಕೆ ಹತ್ತಿರ, ತಲೆ ಮೂಡಿಗೆರೆ ಸೀಮೆಯ ಎತ್ತರದಲ್ಲಿ. ಒಟ್ಟು ಏರು ಒಂದೂಮುಕ್ಕಾಲು ನಂದಿ. ಆದರೆ ಆಗುಂಬೆಯ ಹಾಗೆ ಎದೆಗೆ ಗುದ್ದುವುದಿಲ್ಲ. ಹತ್ತಿಸಿ, ಸ್ವಲ್ಪ ಸಮಾಧಾನ ಮಾಡಿ, ಮತ್ತೆ ಹತ್ತಿಸುತ್ತದೆ. ಒಂದೇ ಲಯದಲ್ಲಿ ಎರಡು ಗಂಟೆ ತುಳಿಯಬಲ್ಲವರಿಗೆ ಇದು ಆಗುಂಬೆಗಿಂತ ಸುಲಭ, ಹತ್ತು ನಿಮಿಷ ಎಗರಿ ಸುಸ್ತಾಗುವವರಿಗೆ ಕಷ್ಟ. ಮೇಲೆ ಹೋದಂತೆ ಒಂದು ಮಗ್ಗುಲು ಬಂಡೆ, ಇನ್ನೊಂದು ಮಗ್ಗುಲು ತೆರೆದ ಕಣಿವೆ. ನಮ್ಮ ಘಾಟಿಗಳಲ್ಲಿ ಕಣಿವೆಯ ಆಳ ಇಷ್ಟು ದೂರದವರೆಗೆ ಕಣ್ಣಿಗೆ ಸಿಗುವುದು ಅಪರೂಪ. ಬೇರೆಡೆ ಮರಗಳೇ ಪರದೆ ಹಾಕಿಬಿಡುತ್ತವೆ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಲಾರಿಯವರೂ ನಿಲ್ಲಿಸಿ ಕೈಮುಗಿಯುತ್ತಾರೆ. ನೀವೂ ನಿಲ್ಲಿ, ಕಾಲಿಗೆ ಒಂದು ನೆಪ. ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ. ಆ ದೋಸೆಗಾಗಿಯೇ ಹತ್ತುವವರನ್ನು ನಾನು ಬಲ್ಲೆ, ಅವರಲ್ಲಿ ತಪ್ಪೇನೂ ಕಾಣುವುದಿಲ್ಲ.

ಇದು ರಾಷ್ಟ್ರೀಯ ಹೆದ್ದಾರಿ 73. ಅದೇ ಇದರ ಮೈನಸ್ಸು. ಬಸ್ಸು, ಪ್ರವಾಸಿ ಕಾರು, ಧರ್ಮಸ್ಥಳಕ್ಕೆ ಹೋಗುವ ಟೆಂಪೊ ಟ್ರಾವೆಲರುಗಳು ನಿಲ್ಲದೆ ಓಡುತ್ತವೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಶಿರಾಡಿ ಘಾಟಿ ಮುಚ್ಚಿತೆಂದರೆ ಅದರ ಹೊರೆಯ ಒಂದು ಪಾಲು ಇಲ್ಲಿಗೇ ಬೀಳುತ್ತದೆ. 2019ರ ಆಗಸ್ಟಿನ ಮಳೆಗೆ ಹಲವು ಕಡೆ ಕುಸಿದು ಸಂಚಾರವೇ ನಿಂತಿತ್ತು. ಹಾಗಾಗಿ ಇದನ್ನು ಆರಿಸುವವರು ಹಿಂದಿನ ದಿನದ ಪೇಪರ್ ನೋಡಿ, ಇಲ್ಲವೇ ಉಜಿರೆಯ ಯಾವುದಾದರೂ ಹೋಟೆಲಿನಲ್ಲಿ "ಘಾಟಿ ಓಪನ್ ಉಂಟಾ?" ಎಂದು ಕೇಳಿಯೇ ಹೊರಡಿ. ದಿನಗಳನ್ನೂ ನೋಡಿಕೊಳ್ಳಬೇಕು. ಮಹಾಶಿವರಾತ್ರಿಯ ಹಿಂದಿನ ವಾರ ಧರ್ಮಸ್ಥಳಕ್ಕೆ ಪಾದಯಾತ್ರೆಯವರು ಸಾವಿರಗಟ್ಟಲೆ ಇದೇ ಘಾಟಿ ಇಳಿಯುತ್ತಾರೆ. ಆಗ ಸೈಕಲ್ ಇಳಿಸುವುದು ಅವರಿಗೂ ಅಪಾಯ, ನಿಮಗೂ. ಹತ್ತುವುದಾದರೆ ಬೇರೆ ಮಾತು: ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಎದುರಿನವರ "ಹತ್ತಿ ಸ್ವಾಮಿ, ಹತ್ತಿ" ಎಂಬ ಹುರುಪು. ಕಾರ್ತಿಕದ ಲಕ್ಷದೀಪೋತ್ಸವದ ದಿನಗಳಲ್ಲಿ ಮಾತ್ರ ಹತ್ತಲೂ ಬೇಡಿ, ಇಳಿಯಲೂ ಬೇಡಿ.

ಡಿಸೆಂಬರ್–ಜನವರಿಯ ಬೆಳಿಗ್ಗೆ ಚಾರ್ಮಾಡಿಯ ತಲೆಯಲ್ಲಿ ಮಂಜು ಹತ್ತು ಮಾರು ಮುಂದಿನದನ್ನೂ ಮುಚ್ಚುತ್ತದೆ. ಕೆಂಪು ಹಿಂದೀಪ ಇಲ್ಲದೆ ಅಲ್ಲಿಗೆ ಹೋಗುವವರ ಧೈರ್ಯ ನನಗಿಲ್ಲ.

ಮಾಳ – ಎಸ್.ಕೆ. ಬಾರ್ಡರ್: ಕಾಡಿನ ಗೇಟಿನೊಳಗೆ

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಹತ್ತುವ ದಾರಿ. ದಕ್ಷಿಣ ಕನ್ನಡದ ಹಳೆಯ ಹೆಸರು ಸೌತ್ ಕೆನರಾ ಇಲ್ಲಿ 'ಎಸ್.ಕೆ. ಬಾರ್ಡರ್' ಎಂದು ಇನ್ನೂ ಉಸಿರಾಡುತ್ತಿದೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಕೆರೆಕಟ್ಟೆ ಮೇಲಾಗಿ ಶೃಂಗೇರಿಗೆ, ಇನ್ನೊಂದು ಕುದುರೆಮುಖ ಮೇಲಾಗಿ ಕಳಸಕ್ಕೆ. ಏರು ಸುಮಾರು ಒಂದೂವರೆ ನಂದಿ, ಹದವಾಗಿ ಹಂಚಿದ್ದು, ನೆರಳು ಬೇಕಾದಷ್ಟು. ಆ ಮರಗಳ ಚಪ್ಪರದ ಕೆಳಗೆ ಹತ್ತುವಾಗ ಟೈರಿನ ಸದ್ದು, ಉಸಿರಿನ ಸದ್ದು, ಎಲ್ಲೋ ಒಂದು ಮಂಗಟ್ಟೆಯ ರೆಕ್ಕೆ ಬಡಿತ. ಬೇರೇನೂ ಕೇಳುವುದಿಲ್ಲ.

ಇದು 1987ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಆದ್ದರಿಂದ ಸಮಯ ನಿಮ್ಮದಲ್ಲ, ಗೇಟಿನದು. ರಾತ್ರಿ ಸಂಚಾರವಿಲ್ಲ. ಒಳಹೊಕ್ಕ ವಾಹನ ಇಂತಿಷ್ಟು ಹೊತ್ತಿನಲ್ಲಿ ಇನ್ನೊಂದು ಗೇಟು ದಾಟಬೇಕೆಂಬ ನಿಯಮವನ್ನು ಕಾರಿನ ವೇಗ ನೋಡಿ ಮಾಡಿದ್ದಾರೆ, ಸೈಕಲ್ಲಿನ ವೇಗ ನೋಡಿ ಅಲ್ಲ. ಗೇಟಿನಲ್ಲಿ ಮೊದಲೇ ಹೇಳಿ, ಅವರು ಹೇಳಿದ್ದನ್ನು ಕೇಳಿ, ಒಳಗೆ ಸುಮ್ಮನೆ ನಿಲ್ಲಬೇಡಿ. ಕುದುರೆಮುಖದ ಕವಲಿನಲ್ಲಿ ರಸ್ತೆಯ ಪಕ್ಕದಲ್ಲೇ ಕಡಾಂಬಿ ಜಲಪಾತ ಸಿಗುತ್ತದೆ, ಒಂದು ಫೋಟೊಕ್ಕೆ ಅಷ್ಟು ಸಾಕು. ಕುದುರೆಮುಖ ಪೇಟೆ 2005ರ ಕೊನೆಗೆ ಗಣಿ ನಿಂತ ಮೇಲೆ ಖಾಲಿ ಮನೆಯಂತಾಗಿದೆ, ಅಲ್ಲಿ ಭರ್ಜರಿ ಊಟ ಸಿಗುತ್ತದೆಂದು ನಂಬಿ ಹೋಗಬೇಡಿ. ಮಾಳದಲ್ಲಿ ಎರಡೂ ಬಾಟಲಿ ತುಂಬಿಸಿಕೊಳ್ಳಿ, ಚಿಕ್ಕಿಯೋ ಒಣದ್ರಾಕ್ಷಿಯೋ ಜೇಬಿನಲ್ಲಿರಲಿ. ಪಂಕ್ಚರ್ ಹಾಕಲು ಬಾರದವರು ಒಬ್ಬರೇ ಈ ದಾರಿಗೆ ಹೋಗುವುದು ಬೇಡ. ಮಾಳ ಬಿಟ್ಟ ಮೇಲೆ ಫೋನಿನಲ್ಲಿ ಸಹಾಯ ಕರೆಯುವ ಆಸೆ ಇಟ್ಟುಕೊಳ್ಳಬಾರದು.

ಕಾಲು ಗಟ್ಟಿಯಾದವರಿಗೆ ಒಂದು ಸುತ್ತು ಹೇಳುತ್ತೇನೆ: ಕಾರ್ಕಳ, ಹೆಬ್ರಿ, ಆಗುಂಬೆ ಹತ್ತಿ ಶೃಂಗೇರಿ, ಅಲ್ಲಿ ಮಠದ ಊಟ, ಕೆರೆಕಟ್ಟೆ ಮೇಲಾಗಿ ಎಸ್.ಕೆ. ಬಾರ್ಡರ್ ಇಳಿದು ಮತ್ತೆ ಕಾರ್ಕಳ. ನೂರೈವತ್ತರ ಆಸುಪಾಸು. 200 ಕಿ.ಮೀ. ಬ್ರೆವೆಯನ್ನು (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಹದಿಮೂರೂವರೆ ಗಂಟೆಯಲ್ಲಿ ಮುಗಿಸಿದವರಿಗೆ ಇದು ಒಂದು ದಿನದ ಕೆಲಸ. ಉಳಿದವರು ಶೃಂಗೇರಿಯಲ್ಲಿ ಮಲಗಿ ಎರಡು ದಿನ ಮಾಡಿ. ಊಟ ಗಡದ್ದಾದರೆ ಕೆರೆಕಟ್ಟೆಯ ಏರಿಳಿತದಲ್ಲಿ ಅನುಭವಿಸುತ್ತೀರಿ. ಎರಡನೇ ಸಲ ಅನ್ನ ಬಡಿಸಲು ಬಂದಾಗ ಕೈ ಅಡ್ಡ ಹಿಡಿಯುವುದು ಈ ಇಡೀ ಸುತ್ತಿನ ಅತಿ ಕಷ್ಟದ ಭಾಗ.

ಗೇರುಸೊಪ್ಪೆ – ಜೋಗ: ಶರಾವತಿಯ ಕಣಿವೆ

ಈಗ ನನ್ನ ಪಕ್ಷಪಾತ. ಹೊನ್ನಾವರದಲ್ಲಿ ಬೆಳಿಗ್ಗೆ ಬಸ್ಸಿಳಿದು, ಬನ್ಸು ಚಾ ಮುಗಿಸಿ, ಶರಾವತಿಯ ದಂಡೆ ಹಿಡಿದರೆ ಗೇರುಸೊಪ್ಪೆಯವರೆಗೆ ಮೂವತ್ತು ಕಿಲೋಮೀಟರ್ ಕಾಲು ಬಿಸಿಯಾಗಲೆಂದೇ ಹಾಸಿದ ಹಾಗಿದೆ. ತೆಂಗು, ಅಡಿಕೆ, ನಡುನಡುವೆ ಹೊಳೆ. ಬೇರೆ ಘಾಟಿಗಳಲ್ಲಿ ಹೊಳೆ ಆಳದಲ್ಲೆಲ್ಲೋ ಹರಿಯುತ್ತದೆ. ಇಲ್ಲಿ ಅದು ಮೊದಲು ಅಳಿವೆಯಾಗಿ ಅಗಲವಾಗಿ ಸಿಗುತ್ತದೆ, ಗೇರುಸೊಪ್ಪೆಯಲ್ಲಿ ಅಣೆಕಟ್ಟಿನ ನೀರಾಗಿ ನಿಲ್ಲುತ್ತದೆ, ಮೇಲೇರಿದಂತೆ ಕಣಿವೆಯ ತಳದ ಒಂದು ಗೆರೆಯಾಗುತ್ತದೆ, ಕೊನೆಗೆ ಜೋಗದಲ್ಲಿ 253 ಮೀಟರ್ ಧುಮುಕುವುದನ್ನು ನೋಡುತ್ತೀರಿ. ಒಂದೇ ಹೊಳೆಯನ್ನು ಸಮುದ್ರದ ಬಾಯಿಂದ ಜಲಪಾತದ ತಲೆಯವರೆಗೆ ಒಂದೇ ಬೆಳಿಗ್ಗೆ ಸೈಕಲ್ಲಿನಲ್ಲಿ ಹಿಂಬಾಲಿಸಬಹುದಾದ ದಾರಿ ನಮ್ಮಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಏರು ಹೆಚ್ಚುಕಡಿಮೆ ಒಂದೇ ನಂದಿ, ಆದರೆ ಅದನ್ನು ಎಳೆದು ಉದ್ದ ಮಾಡಿದ್ದಾರೆ. ಮಾವಿನಗುಂಡಿಯವರೆಗಿನ ಮಲೆಮನೆ ಘಾಟಿಯಲ್ಲಿ ತಿರುವುಗಳಿವೆ, ಆಗುಂಬೆಯ ಕ್ರೌರ್ಯವಿಲ್ಲ. ಹೈಬ್ರಿಡ್ ಸೈಕಲ್ಲಿನವರು, ವಯಸ್ಸಾದವರು, ಮೊಣಕಾಲು ನೋಯುವವರು ಎಲ್ಲರೂ ಇಲ್ಲಿ ಕೂತೇ ಹತ್ತಬಹುದು. ಮರದ ಮೇಲೆ ಸಿಂಗಳೀಕ ಕಂಡರೆ ನಿಮ್ಮ ಪುಣ್ಯ. ಈ ಕಣಿವೆ ಅವುಗಳ ಉಳಿದಿರುವ ಕೆಲವೇ ನೆಲೆಗಳಲ್ಲಿ ಒಂದು. ರಸ್ತೆ ಬದಿಯಲ್ಲಿ ಕೈಚಾಚುವ ಸಾಮಾನ್ಯ ಮಂಗಗಳಿಗೆ ಬಾಳೆಹಣ್ಣು ಕೊಡಬೇಡಿ. ನಿಮ್ಮ ಹಿಂದೆ ಬರುವ ಸೈಕಲ್ಲಿನವನ ಬ್ಯಾಗಿಗೆ ಅವು ಹಾರುತ್ತವೆ. ಹೊತ್ತಿದ್ದರೆ ಗೇರುಸೊಪ್ಪೆಯ ನಗರಬಸ್ತಿಕೇರಿಯ ಚತುರ್ಮುಖ ಬಸದಿ ನೋಡಿ ಹೊರಡಿ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಸೀಮೆ ಇದು. ಅವಳ ಮೆಣಸು ಇಳಿದ ಘಟ್ಟವನ್ನೇ ನೀವು ಹತ್ತುತ್ತಿರುವುದು.

ಇದೂ ರಾಷ್ಟ್ರೀಯ ಹೆದ್ದಾರಿಯೇ, 69. ಮೀನಿನ ಲಾರಿಗಳು, ಬಸ್ಸುಗಳು ಇವೆ. ಮೀನಿನ ಲಾರಿಯ ನೀರು ತಿರುವಿನಲ್ಲಿ ಚೆಲ್ಲಿದ್ದರೆ ಇಳಿಯುವವರಿಗೆ ಜಾರುತ್ತದೆ. ಆದರೂ ಶಿರಾಡಿ, ಅರಬೈಲಿನ ದಟ್ಟಣೆಗೆ ಹೋಲಿಸಿದರೆ ಇದು ಹಳ್ಳಿ ರಸ್ತೆ. ಇನ್ನೊಂದು ದೊಡ್ಡ ಅನುಕೂಲ ವಾಪಸಾತಿ. ಜೋಗದಿಂದ ತಾಳಗುಪ್ಪ ರೈಲು ನಿಲ್ದಾಣ ಹದಿನೈದು ಕಿಲೋಮೀಟರಿನೊಳಗೆ. ಅಲ್ಲಿಂದ ಶಿವಮೊಗ್ಗ, ಬೆಂಗಳೂರು, ಮೈಸೂರಿನ ಕಡೆಗೆ ರೈಲುಗಳಿವೆ. ಹತ್ತಿದ ಘಾಟಿಯನ್ನೇ ಇಳಿಯುವ ಹಂಗಿಲ್ಲ. ಸೈಕಲ್ಲನ್ನು ಲಗೇಜ್ ವ್ಯಾನಿಗೆ ಹಾಕಿಸಬೇಕು. ಚಿಕ್ಕ ನಿಲ್ದಾಣವಾದ್ದರಿಂದ ಹಿಂದಿನ ದಿನವೇ ವಿಚಾರಿಸಿ, ರೈಲು ಹೊರಡುವ ಒಂದು ಗಂಟೆ ಮೊದಲು ಅಲ್ಲಿರಿ.

ಬಿಸಿಲೆ: ಗಟ್ಟಿ ಕಾಲಿನವರಿಗೆ ಮಾತ್ರ

ಕುಕ್ಕೆಯ ಪಕ್ಕದ ಕುಲ್ಕುಂದದಿಂದ ಹೊರಟು ಸಕಲೇಶಪುರದ ಕಡೆಗೆ ಹತ್ತುವ ದಾರಿ. ವರ್ಷಗಳ ಕಾಲ ಹೊಂಡಗಳಿಗೆ ಹೆಸರಾಗಿದ್ದ ರಸ್ತೆಗೆ ಕಾಂಕ್ರೀಟ್ ಬಂದ ಮೇಲೆ ರೋಡ್ ಸೈಕಲ್ಲಿಗೂ ಬಾಗಿಲು ತೆರೆದಿದೆ. ವಾಹನ ಕಡಿಮೆ, ಕಾಡು ದಟ್ಟ, ಏರು ನಿರ್ದಯ. ನಾನು ತುಳಿದ ಘಾಟಿಗಳಲ್ಲಿ ಅತಿ ಹೆಚ್ಚು ಸಲ ಇಳಿದು ತಳ್ಳಿದ್ದು ಇಲ್ಲೇ. ಮೇಲೆ ಬಿಸಿಲೆಯ ವ್ಯೂ ಪಾಯಿಂಟಿನಲ್ಲಿ ನಿಂತರೆ ಎದುರಿಗೆ ಕುಮಾರಪರ್ವತ. ಇನ್ನೂ ಮುಂದೆ ಮಂಕನಹಳ್ಳಿಯ ಬಳಿ ಒಂದು ಹಳೇ ಕಲ್ಲು: ಅದರ ಈಚೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಆಚೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಘಟ್ಟ ಹತ್ತಿ ಮುಗಿಯಿತು ಎನ್ನಲು ಇದಕ್ಕಿಂತ ಒಳ್ಳೆಯ ಗುರುತು ಬೇರೆಲ್ಲೂ ಇಲ್ಲ.

ಆನೆಗಳ ದಾರಿಯಿದು. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು, ಸಂಜೆ ನಾಲ್ಕರೊಳಗೆ ಕಾಡು ಬಿಡಬೇಕು. ಒಬ್ಬರೇ ಬೇಡ. ಹಸಿ ಲದ್ದಿ, ಮುರಿದ ಬೈನೆ ಮರ ಕಂಡರೆ ನಿಲ್ಲಿ, ಹಿಂದೆ ಬರುವ ಜೀಪನ್ನು ಕಾದು ಅದರ ಜೊತೆಗೆ ಹೋಗಿ. ಚಂಪಾಷಷ್ಠಿಯ ವಾರ ಕುಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ರೂಮಿನ ಮಾತಂತೂ ಬೇಡ.

ಉಳಿದವು

ಶಿರಾಡಿ ಬೇಡ. ಏರು ನಿಧಾನ, ಕೆಂಪುಹೊಳೆ ಪಕ್ಕದಲ್ಲೇ ಹರಿಯುತ್ತದೆ, 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದ್ದಾರೆ, ಎಲ್ಲ ನಿಜ. ಆದರೆ ಮಂಗಳೂರು ಬಂದರಿನ ಸರಕೆಲ್ಲ, ಗ್ಯಾಸ್ ಟ್ಯಾಂಕರುಗಳೆಲ್ಲ ಈ ದಾರಿಯಲ್ಲೇ ಹೋಗುತ್ತವೆ. ಅಂಕೋಲಾ – ಯಲ್ಲಾಪುರದ ಅರಬೈಲಿಗೂ ಇದೇ ಮಾತು. ಹೊಸಂಗಡಿಯಿಂದ ಹುಲಿಕಲ್‌ಗೆ ಹತ್ತುವ ಬಾಳೆಬರೆ ಘಾಟಿ ಆಗುಂಬೆಯಷ್ಟೇ ಹಸಿರು, ಆದರೆ ಆಗುಂಬೆಯಲ್ಲಿ ಬಿಡದ ಲಾರಿಗಳು ಇಲ್ಲಿಗೆ ಬರುತ್ತವೆ. ಭಾನುವಾರ ಬೆಳಿಗ್ಗೆ ಆರರಿಂದ ಎಂಟರ ನಡುವೆ ಹತ್ತುವುದಾದರೆ ಆದೀತು.

ಸಂಪಾಜೆಗೆ ಒಂದು ಮಾತು ಹೆಚ್ಚು. ಸಂಪಾಜೆಯಿಂದ 1,170 ಮೀಟರ್ ಎತ್ತರದ ಮಡಿಕೇರಿಗೆ ಎರಡು ನಂದಿಗೂ ಮಿಕ್ಕ ಏರು, ಇಪ್ಪತ್ತೈದು ಕಿಲೋಮೀಟರಿನ ಮೇಲೆ ಹರಡಿದೆ. ಉದ್ದನೆಯ ಏರಿನ ಅಭ್ಯಾಸ ಬೇಕೆನ್ನುವವರಿಗೆ ಈ ಪಟ್ಟಿಯಲ್ಲಿ ಇದೇ ದೊಡ್ಡದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಸುತ್ತ ಗುಡ್ಡಗಳೇ ಜಾರಿ ರಸ್ತೆ ಹೋಗಿತ್ತು. ಹಾಗಾಗಿ ಮಳೆಗಾಲದಲ್ಲಿ ಇದರ ಹೆಸರೆತ್ತುವುದು ಬೇಡ. ವಾರಾಂತ್ಯಕ್ಕೆ ಕೊಡಗಿಗೆ ಬರುವ ಕಾರುಗಳ ಸಾಲೂ ದೊಡ್ಡದೇ. ಮಂಗಳವಾರವೋ ಬುಧವಾರವೋ ರಜೆ ಹಾಕಬಲ್ಲವರಿಗೆ ಇದು ಬೇರೆಯದೇ ರಸ್ತೆ.

ಸೈಕಲ್ಲಿನ ಮಾತು, ದುಡ್ಡಿನ ಮಾತು

ಘಾಟಿಗೆ ಬೇಕಾದ್ದು ದುಬಾರಿ ಸೈಕಲ್ಲಲ್ಲ, ಚಿಕ್ಕ ಗೇರು. ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೂ 34 ಹಲ್ಲಿದ್ದರೆ ನಿಮಿಷಕ್ಕೆ ಅರವತ್ತು ಸುತ್ತು ತುಳಿದರೂ ಗಂಟೆಗೆ ಏಳೂವರೆ ಕಿಲೋಮೀಟರಿನಲ್ಲಿ ಹತ್ತುತ್ತೀರಿ. ಹಿಂದೆ 28 ಹಲ್ಲಷ್ಟೇ ಇದ್ದರೆ ಅದೇ ತುಳಿತಕ್ಕೆ ಒಂಬತ್ತರ ಮೇಲೆ ಹೋಗಲೇಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ತುಳಿತ ನಿಧಾನವಾಗಿ ಮೊಣಕಾಲಿಗೆ ಹೊಡೆತ ಬೀಳುತ್ತದೆ. ಹಗುರ ಚಕ್ರಕ್ಕೆ ಸುರಿಯುವ ದುಡ್ಡಿನ ಒಂದು ಚೂರಿನಲ್ಲಿ ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಬದಲಿಸಬಹುದು. ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೈಲರ್ ಅಷ್ಟು ದೊಡ್ಡ ಹಲ್ಲುಚಕ್ರವನ್ನು ತಡೆಯುತ್ತದೆಯೇ ಎಂದು ಮಾತ್ರ ಅಂಗಡಿಯಲ್ಲಿ ಮೊದಲು ಕೇಳಿ. ಮೂರು ಚೈನ್‌ರಿಂಗಿನ ಹಳೇ ಇಪ್ಪತ್ತೊಂದು ಗೇರಿನ ಸೈಕಲ್ಲಿನವರು ಇಲ್ಲಿ ನಗಬಹುದು, ಅವರ ಬಳಿ ಆಗಲೇ ಬೇಕಾದಷ್ಟು ಚಿಕ್ಕ ಗೇರ್ ಇದೆ. ಅವರು ನೋಡಿಕೊಳ್ಳಬೇಕಾದ್ದು ಬ್ರೇಕು. ರಬ್ಬರು ಸವೆದಿದ್ದರೆ ಹೊಸದು, ಕೇಬಲ್ ತುಕ್ಕು ಹಿಡಿದಿದ್ದರೆ ಅದೂ ಹೊಸದು. ಡಿಸ್ಕ್ ಬ್ರೇಕಿನವರು ಮಳೆಯಲ್ಲಿ ಗೆಲ್ಲುತ್ತಾರೆ, ಆದರೆ ಪ್ಯಾಡ್ ಸವೆದದ್ದು ಹೊರಗೆ ಕಾಣದು. ಹೊರಡುವ ಮೊದಲು ಬಿಚ್ಚಿ ನೋಡಿ.

ಇಳಿಯುವವರಿಗೆ ಇನ್ನೊಂದು: ಘಟ್ಟದಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಬಸ್ಸೊಂದು ಏರಿ ಬರುತ್ತಿದ್ದರೆ ತಿರುವಿಗೆ ಮೊದಲೇ ನಿಂತು ಬಿಡಿ. ಅದಕ್ಕೆ ಇಡೀ ರಸ್ತೆ ಬೇಕು.

ಖರ್ಚಿನ ವಿಷಯದಲ್ಲಿ ನಮ್ಮ ಘಟ್ಟಗಳು ಉದಾರ. ಈ ರಸ್ತೆಗಳೆಲ್ಲ ಒಂದಲ್ಲ ಒಂದು ಕ್ಷೇತ್ರಕ್ಕೆ ಹೋಗಿ ಮುಟ್ಟುತ್ತವೆ. ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡು, ಎಲ್ಲ ಕಡೆ ಊಟಕ್ಕೆ ದುಡ್ಡು ಕೇಳುವುದಿಲ್ಲ. ಕ್ಷೇತ್ರದ ವಸತಿಗೃಹಗಳು ಹೋಂಸ್ಟೇಗಳ ಎದುರು ಪುಕ್ಕಟೆ ಇದ್ದಹಾಗೆ. ಬಿಗಿ ಚಡ್ಡಿಯಲ್ಲಿ ಭೋಜನಶಾಲೆಗೆ ಹೋಗಬೇಡಿ, ಬ್ಯಾಗಿನಲ್ಲಿ ಒಂದು ಪಂಚೆ ಇಟ್ಟುಕೊಂಡರೆ ಅಜ್ಜಿಯರ ಕಣ್ಣಿನಿಂದ ಪಾರಾಗುತ್ತೀರಿ. ಬಸ್ಸಿನ ಅಡಿಯ ಡಿಕ್ಕಿಯಲ್ಲಿ ಸೈಕಲ್ ಹಾಕಲು ಕಂಡಕ್ಟರ್ ಕೇಳುವ ಲಗೇಜು ಅವರವರ ಮರ್ಜಿ. ಮುಂದಿನ ಚಕ್ರ ಬಿಚ್ಚಿ, ಗೋಣಿಚೀಲ ಸುತ್ತಿ, ನಗುತ್ತಾ ಮಾತಾಡಿದರೆ ಕಡಿಮೆಯಾಗುತ್ತದೆ.

ಮೂವರಿಗೆ ಹೇಳಿದ್ದು

ನಂದಿಯಲ್ಲಿ ಬೇಸತ್ತ ಸಾಫ್ಟ್‌ವೇರಿನವರಿಗೆ ಆಗುಂಬೆ – ಶೃಂಗೇರಿ – ಎಸ್.ಕೆ. ಬಾರ್ಡರಿನ ಸುತ್ತನ್ನು ಎರಡು ದಿನಕ್ಕೆ ಹೇಳಿದೆ. ಅವರ ಕಾಲಿಗೆ ಬೇಕಾದ್ದು ಕಡಿದಾದ ಒಂದು ಏರು, ತಲೆಗೆ ಬೇಕಾದ್ದು ಲಾರಿಯಿಲ್ಲದ ಒಂದು ಕಾಡು. ಚಾರ್ಮಾಡಿಯ ಆಸೆ ಅವರಿಗೆ ಇನ್ನೂ ಇದೆ. ವಾರದ ದಿನ ರಜೆ ಸಿಕ್ಕರೆ ಹೋಗಿ, ಶನಿವಾರವಾದರೆ ಬೇಡ ಎಂದಿದ್ದೇನೆ.

ಪುತ್ತೂರಿನ ಹುಡುಗನಿಗೆ ಮನೆ ಬಾಗಿಲಲ್ಲೇ ಎರಡಿವೆ. ಬಿಸಿಲೆಗೆ ಹೋಗುತ್ತೇನೆಂದು ಕುಣಿಯುತ್ತಿದ್ದ. ಮೊದಲು ಚಾರ್ಮಾಡಿ ಹತ್ತಿ ಇಳಿ, ಧರ್ಮಸ್ಥಳದಲ್ಲಿ ಉಂಡು ಮಲಗು, ಖರ್ಚು ಐನೂರು ದಾಟುವುದಿಲ್ಲ. ಉಳಿದ ದುಡ್ಡಿನಲ್ಲಿ ಬ್ರೇಕ್ ರಬ್ಬರ್, ಎರಡು ಟ್ಯೂಬ್, ಹಿಂದೀಪ ತಗೋ ಅಂದೆ. ಬಿಸಿಲೆಗೆ ಜೊತೆಗೊಬ್ಬನನ್ನು ಹುಡುಕಿಕೊಂಡ ಮೇಲೆ ಫೋನ್ ಮಾಡು ಎಂದೂ ಹೇಳಿದ್ದೇನೆ.

ಮೇಷ್ಟ್ರಿಗೆ ಗೇರುಸೊಪ್ಪೆ. ನವೆಂಬರ್ ಮೊದಲ ವಾರ, ಗುರುವಾರ. ಹೊನ್ನಾವರದಿಂದ ಆರಕ್ಕೆ ಹೊರಟರೆ ಎಂಟೂವರೆಗೆ ಗೇರುಸೊಪ್ಪೆಯಲ್ಲಿ ಅವಲಕ್ಕಿ, ಹನ್ನೆರಡರೊಳಗೆ ಮಾವಿನಗುಂಡಿ, ಊಟ ಜೋಗದಲ್ಲಿ. "ನಡುವೆ ತಳ್ಳಬೇಕಾಗುತ್ತಾ?" ಎಂದು ಸಂಕೋಚದಿಂದ ಕೇಳಿದರು. ಬೇಕಾಗಬಹುದು ಸಾರ್, ನೀವು ತಳ್ಳುವಾಗ ಜೊತೆಗೆ ನಾನೂ ತಳ್ಳುತ್ತೇನೆ ಅಂದೆ. ತಾಳಗುಪ್ಪದ ರಾತ್ರಿ ರೈಲಿಗೆ ಇಬ್ಬರದೂ ಟಿಕೆಟ್ ಆಗಿದೆ.